ಟೈಲರಕ್ಕನ ಭುಜ, ತಮ್ಮನ ಮಾತ್ರೆ

ಆಪರೇಷನ್ ಮುಗಿಸಿಕೊಂಡು ಬೆಳಿಗ್ಗೆ ಮನೆಗೆ ಬಂದ ಟೈಲರಕ್ಕನಿಗೆ ತನ್ನ ಬಲಗೈ ತನ್ನದೇ ಎಂದು ನಂಬಿಕೆಯೇ ಬರುತ್ತಿರಲಿಲ್ಲ. ಭುಜದಿಂದ ಬೆರಳ ತುದಿಯವರೆಗೂ ಮರಗಟ್ಟಿತ್ತು. ಯಾರದೋ ಕೈಯನ್ನು ತಂದು ತನ್ನ ಕೊರಳಿಗೆ ಪಟ್ಟಿ ಕಟ್ಟಿ ತೂಗುಹಾಕಿದ್ದಾರೆ ಎನ್ನುವ ಹಾಗಿತ್ತು. ಎಡಗೈಯಿಂದ ಚಿವುಟಿ ನೋಡಿದಳು. ಏನೂ ಇಲ್ಲ. ಇನ್ನೊಮ್ಮೆ ಜೋರಾಗಿ ಚಿವುಟಿದಳು.

"ರೀ, ನೋಡಿ ಇಲ್ಲಿ. ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ. ಇದಕ್ಕಾ ನಾನು ಇಷ್ಟು ದಿನ ಹೆದರ್ಕೊಂಡು ಕೂತಿದ್ದು?"

"ಚಿವುಟೋದು ನಿಲ್ಸು ಮಾರಾಯ್ತಿ. ಹೊಸ ಗಾಯ ಮಾಡ್ಕೋಬೇಡ" ಎಂದ ಗಂಡ, ತಟ್ಟೆಗೆ ಊಟ ಬಡಿಸುತ್ತಾ. "ಮೊದಲು ಉಣ್ಣು. ಊಟದ ಮೇಲೆ ಮಾತ್ರೆ ತಗೋಬೇಕು."

ಗಂಡನದು ಸೈಕಲ್ ರಿಪೇರಿ ಅಂಗಡಿ, ಹೆಂಡತಿಯದು ಅದರ ಪಕ್ಕದ ಬಾಗಿಲಿನ ಹೊಲಿಗೆ ಅಂಗಡಿ. ಆ ಬೀದಿಯಲ್ಲಿ ಟೈಲರಕ್ಕ ಹೊಲಿದ ಬಟ್ಟೆ ಮೈಮೇಲೆ ಹಾಕದವರು ಇರಲಿಲ್ಲ. ಶಾಲೆಯ ಅಂಗಿ, ಆಫೀಸಿನ ಕೋಟು, ಹೊಟ್ಟೆ ಬಂದವರಿಗೆ ಸಡಿಲ ಮಾಡಿಕೊಟ್ಟ ಪ್ಯಾಂಟು, ಎಲ್ಲದರ ಮೇಲೂ ಅವಳ ಕತ್ತರಿ ಆಡಿತ್ತು. ವರ್ಷಗಟ್ಟಲೆ ಕತ್ತರಿ ಆಡಿಸಿ ಆಡಿಸಿ ಭುಜ ಆಗಾಗ ನೋಯುತ್ತಿದ್ದದ್ದು ನಿಜ. ಒಂದು ದಿನ ಮೇಲಿನ ಕಪಾಟಿನಿಂದ ಬಟ್ಟೆಯ ಥಾನು ಎಳೆಯುವಾಗ ಒಳಗೆ ಏನೋ ಟಪ್ಪೆಂದಿತು. ಅಲ್ಲಿಂದಾಚೆಗೆ ತಲೆ ಬಾಚಿಕೊಳ್ಳಲೂ ಕೈ ಏಳಲಿಲ್ಲ. ಭುಜದೊಳಗಿನ ಸ್ನಾಯು ಮೂಳೆಯಿಂದ ಹರಿದು ಬಂದಿದೆ, ಹೊಲಿದು ಕೂರಿಸಬೇಕು ಎಂದರು ಡಾಕ್ಟರು.

"ಊರಿನವರ ಹರಿದಿದ್ದನ್ನೆಲ್ಲ ಹೊಲಿದೆ, ಈಗ ನಂದೇ ಹರೀತು ನೋಡಿ. ಹೊಲಿಗೆ ಸ್ವಲ್ಪ ಒತ್ತಾಗಿ ಹಾಕಿ ಡಾಕ್ಟರೇ" ಎಂದು ಅವಳು ಆಪರೇಷನ್ನಿನ ಮೇಜಿನ ಮೇಲೆ ಮಲಗಿಕೊಂಡೇ ಹೇಳಿದ್ದಳಂತೆ.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದ್ದರು: ಕೈ ಮರಗಟ್ಟಿರುವುದು ಇಂಜೆಕ್ಷನ್ನಿನಿಂದ, ಅದು ಇಳಿಯುತ್ತದೆ, ಇಳಿಯುವ ಮೊದಲೇ ನೋವಿನ ಮಾತ್ರೆ ಶುರು ಮಾಡಬೇಕು. ಆದರೆ ಆ ಹೊತ್ತಿಗೆ ಟೈಲರಕ್ಕನ ಕಣ್ಣು ಡಾಕ್ಟರ ಬಿಳಿ ಕೋಟಿನ ಕಾಲರಿನ ಮೇಲಿತ್ತು. ಎಂಥ ಸೊಟ್ಟ ಕಾಲರು! ಅದನ್ನು ಬಿಚ್ಚಿ ಹೇಗೆ ಸರಿಮಾಡಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದವಳ ಕಿವಿಗೆ ಅರ್ಧ ಮಾತು ಬಿತ್ತು, ಅರ್ಧ ಬೀಳಲಿಲ್ಲ.

ಊಟವಾದ ಮೇಲೆ ಗಂಡ ಎರಡು ಬಗೆಯ ಮಾತ್ರೆ ತಂದು ಅಂಗೈ ಮೇಲಿಟ್ಟ. ಟೈಲರಕ್ಕ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದು ಪ್ಯಾರಸಿಟಮಾಲ್ ಅಲ್ವೇನ್ರೀ? ಮಕ್ಕಳಿಗೆ ಜ್ವರ ಬಂದ್ರೆ ಕೊಡೋದು! ಮೂಳೆಗೆ ಮೊಳೆ ಹೊಡೆದು ಹೊಲಿದವ್ರೆ, ಅದಕ್ಕೆ ಜ್ವರದ ಮಾತ್ರೆನಾ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!"

"ಇನ್ನೊಂದೂ ಇದೆಯಲ್ಲ. ಅದು ಊತಕ್ಕೆ, ನೋವಿಗೆ ಅಂದ್ರು."

"ನೋವೇ ಇಲ್ಲ, ಇನ್ನು ಮಾತ್ರೆ ಯಾಕೆ? ಸುಮ್ನೆ ಹೊಟ್ಟೆ ಕೆಡಿಸ್ಕೊಳ್ಳೋಕಾ? ತೆಗೆದಿಡಿ ಅತ್ಲಾಗೆ."

ಮದುವೆಯಾದಂದಿನಿಂದ ಈ ದನಿ ಕೇಳಿ ಗೊತ್ತಿದ್ದ ಗಂಡ ಮಾತ್ರೆಗಳನ್ನು ಡಬ್ಬಿಗೆ ಹಾಕಿ ಅಂಗಡಿಗೆ ಹೋದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನೋಡಲು ಬಂದ ಗಿರಾಕಿಯೊಬ್ಬಳ ಎದುರು ಟೈಲರಕ್ಕ ತನ್ನ ಧೈರ್ಯದ ಕಥೆ ಹೇಳುತ್ತಿದ್ದಳು. ಬೆರಳ ತುದಿ ಜುಮುಜುಮು ಎಂದಿತು. ಕೈಗೆ ಜೀವ ಬಂತು ಎಂದು ಖುಷಿಪಟ್ಟಳು. ಆಮೇಲೆ ಮೊಣಕೈ ಬಿಸಿಯಾಯಿತು. ಆಮೇಲೆ ಅವಳ ಕಥೆ ಅರ್ಧಕ್ಕೇ ನಿಂತಿತು. ಭುಜದೊಳಗೆ ಯಾರೋ ಕಾದ ಇಸ್ತ್ರಿಪೆಟ್ಟಿಗೆಯನ್ನು ಇಟ್ಟು ಮರೆತುಹೋದ ಹಾಗೆ ಉರಿ ಹತ್ತಿಕೊಂಡಿತು. ಗಿರಾಕಿ ಹೆದರಿ ಸೈಕಲ್ ಅಂಗಡಿಯ ಕಡೆ ಓಡಿದಳು. ಗಂಡ ಗ್ರೀಸು ಮೆತ್ತಿದ ಕೈಯಲ್ಲೇ ಓಡಿಬಂದ.

ಈಗ ಎರಡೂ ಮಾತ್ರೆ ನುಂಗಿದ್ದಾಯಿತು. ನುಂಗಿ ನೀರಿನ ಲೋಟ ಕೆಳಗಿಡುವುದರೊಳಗೆ ನೋವು ಹೋಗಬೇಕು ಎನ್ನುವುದು ಟೈಲರಕ್ಕನ ಎಣಿಕೆ. ನೋವೇನು ಬಾಡಿಗೆದಾರನೇ, ಬಿಡು ಎಂದ ಕೂಡಲೇ ಗಂಟುಮೂಟೆ ಕಟ್ಟಲು?

"ನಾನು ಹೇಳ್ಲಿಲ್ವಾ? ಜ್ವರದ ಮಾತ್ರೆ! ಏನೂ ಕೆಲಸ ಮಾಡ್ತಿಲ್ಲ!" ಎಂದು ದಿಂಬಿಗೆ ಮುಖ ಒತ್ತಿಕೊಂಡಳು.

ಆಗಲೇ ತಮ್ಮ ಬಂದದ್ದು.

ತಮ್ಮ ಲಾರಿ ಓಡಿಸುತ್ತಿದ್ದ. ತಾಯಿ ಇಲ್ಲದ ಮನೆಯಲ್ಲಿ ಅವನನ್ನು ಎತ್ತಿ ಬೆಳೆಸಿದವಳು ಟೈಲರಕ್ಕನೇ. ಅವಳು ಜೀವನದಲ್ಲಿ ಮೊದಲು ಹೊಲಿದ ಬಟ್ಟೆಯೂ ಅವನದೇ, ಅಪ್ಪನ ಹಳೆಯ ಅಂಗಿ ಕತ್ತರಿಸಿ ಮಾಡಿದ ಒಂದು ಪುಟಾಣಿ ಚಡ್ಡಿ. ಈಗ ಬಾಗಿಲು ತುಂಬುವ ಆಳಾಗಿದ್ದರೂ ಅಕ್ಕ ಅತ್ತರೆ ಅವನ ಕೈಕಾಲು ಆಡುತ್ತಿರಲಿಲ್ಲ. ಕಳೆದ ವರ್ಷ ಲಾರಿಯ ಮೇಲಿಂದ ಬಿದ್ದು ಅವನ ಬೆನ್ನಿಗೂ ಆಪರೇಷನ್ ಆಗಿತ್ತು. ನೋವು ಎಂದರೆ ಏನೆಂದು ಅವನಿಗೆ ಗೊತ್ತಿತ್ತು.

ಅಕ್ಕನ ಪಕ್ಕ ಕೂತವನು ಅಂಗಿಯ ಜೇಬಿಗೆ ಕೈ ಹಾಕಿದ. ಕೈ ಜೇಬಿನಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ಒಂದು ಸ್ಟ್ರಿಪ್ಪು ಹೊರಬಂತು.

"ಅಕ್ಕಾ, ಇದು ತಗೋ. ನನ್ನ ಬೆನ್ನಿಗೆ ಕೊಟ್ಟಿದ್ರಲ್ಲ, ಅದೇ. ಬಲವಾದ ಮಾತ್ರೆ. ಒಂದು ನುಂಗು, ನೋವು ಬಾಲ ಮುದುರ್ಕೊಂಡು ಓಡುತ್ತೆ."

"ಡಾಕ್ಟರನ್ನ ಒಂದು ಮಾತು ಕೇಳೋಣ ಕಣಯ್ಯ" ಎಂದ ಗಂಡ.

"ಏನ್ ಭಾವ ಹೀಗಂತೀರಿ? ನಮ್ಮಕ್ಕನಿಗೆ ನಾನು ವಿಷ ಕೊಡ್ತೀನಾ?"

ಭಾವ ನೀರಿನ ಲೋಟ ತಂದ. ಟೈಲರಕ್ಕ ನುಂಗಿಯೇ ಬಿಟ್ಟಳು. ಉಳಿದ ಸ್ಟ್ರಿಪ್ಪನ್ನು ಅಲ್ಲೇ ಬಿಟ್ಟು ತಮ್ಮ ಹೊರಟ.

ನೋವು ಓಡಿತು ಎನ್ನುವುದಕ್ಕಿಂತ, ನೋವನ್ನು ಅಲ್ಲೇ ಬಿಟ್ಟು ಟೈಲರಕ್ಕನೇ ಎಲ್ಲೋ ತೇಲಿಹೋದಳು. ಗೋಡೆ ದೂರವಾಯಿತು, ಗಂಡನ ಮಾತು ಬಾವಿಯ ತಳದಿಂದ ಬಂದಂತೆ ಕೇಳಿಸಿತು. ಮಾರನೆಯ ಬೆಳಿಗ್ಗೆ ನೋವು ಮತ್ತೆ ತಲೆ ಎತ್ತಿತು, ಅವಳು ಇನ್ನೊಂದು ನುಂಗಿದಳು. ತಿಂದದ್ದೆಲ್ಲ ವಾಂತಿಯಾಯಿತು. ಹೊಟ್ಟೆ ಕಲ್ಲಿನಂತೆ ಕಟ್ಟಿಕೊಂಡಿತು. ಮೈಯೆಲ್ಲ ತುರಿಕೆ. ಬಚ್ಚಲಿಗೆಂದು ಎದ್ದವಳು ಹೊಸ್ತಿಲಲ್ಲಿ ತೂರಾಡಿ, ಆಪರೇಷನ್ ಆದ ಭುಜದ ಮೇಲೇ ಬೀಳುವುದರಲ್ಲಿದ್ದಳು. ಗಂಡ ಸೊಂಟ ಹಿಡಿದು ನಿಲ್ಲಿಸಿದ. ಹಾಸಿಗೆಯಲ್ಲಿ ಕೂರಿಸಿ ಕರೆದರೆ "ಹೂಂ" ಎನ್ನುವಳು, ಮರುಗಳಿಗೆ ಕಣ್ಣು ಮುಚ್ಚುವಳು. ಕೂತಲ್ಲಿ ಕೂರದ, ಬಾಯಿ ಮುಚ್ಚದ ಹೆಂಡತಿ ಹೀಗೆ ಮುದ್ದೆಯಾಗಿ ಕೂತದ್ದನ್ನು ಅವನು ಎಂದೂ ನೋಡಿರಲಿಲ್ಲ. ಎದುರುಮನೆಯ ಕಡೆ ಕಿಟಕಿಯಿಂದಲೇ ಕೂಗಿದ.

"ಸಿಸ್ಟರಮ್ಮಾ! ಸ್ವಲ್ಪ ಬೇಗ ಬನ್ನಿ!"

ಎದುರುಮನೆಯ ಸಿಸ್ಟರಮ್ಮ ಆಪರೇಷನ್ ವಾರ್ಡಿನ ನರ್ಸು. ಆಗತಾನೆ ಕೆಲಸ ಮುಗಿಸಿ ಬಂದಿದ್ದವರು ಹೆಗಲ ಚೀಲವನ್ನೂ ಇಳಿಸದೆ ಬಂದರು. ಬಂದವರೇ ಯಾರನ್ನೂ ಬಯ್ಯಲಿಲ್ಲ. ಟೈಲರಕ್ಕನ ಪಕ್ಕ ಕೂತು ಉಸಿರು ಗಮನಿಸಿದರು, ತುಟಿಯ ಬಣ್ಣ ನೋಡಿದರು, ಕೆನ್ನೆ ತಟ್ಟಿ ಮಾತಾಡಿಸಿದರು.

"ಅಕ್ಕಾ, ಕಣ್ಣು ಬಿಡಿ. ನಾನು ಯಾರು ಹೇಳಿ?"

"ಸಿಸ್ಟರಮ್ಮ. ನಿಮ್ಮ ಯೂನಿಫಾರ್ಮಿನ ಗುಂಡಿ ಇನ್ನೂ ಹಾಕಿಲ್ಲ. ಹಾಕಿಕೊಡ್ತೀನಿ."

"ಪರವಾಗಿಲ್ಲ, ಬುದ್ಧಿ ನೆಟ್ಟಗಿದೆ" ಎಂದು ನಕ್ಕರು ಸಿಸ್ಟರಮ್ಮ. ಆಮೇಲೆ ಗಂಡನ ಕಡೆ ತಿರುಗಿದರು. "ಏನು ಕೊಟ್ರಿ? ನಿದ್ದೆ ಮಾತ್ರೆ, ಬೇರೆ ಏನಾದ್ರೂ ಜೊತೆಗೆ ತಗೊಂಡ್ರಾ?"

ಗಂಡ ಸ್ಟ್ರಿಪ್ಪು ತೋರಿಸಿದ. ಸಿಸ್ಟರಮ್ಮ ಅದರ ಹೆಸರು ಓದಿ, ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದರು. ಎಲ್ಲ ಕೇಳಿದ ಡಾಕ್ಟರು, ಆ ಮಾತ್ರೆ ಇನ್ನು ಬೇಡ, ಒಂಟಿಯಾಗಿ ಬಿಡಬೇಡಿ, ಎಬ್ಬಿಸಿದರೂ ಏಳದೆ ಹೋದರೆ, ಉಸಿರು ನಿಧಾನವಾದರೆ, ತುಟಿ ನೀಲಿಯಾದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಕರೆತನ್ನಿ ಎಂದರು. ಸಿಸ್ಟರಮ್ಮ ಮನೆಗೆ ಹೋಗದೆ ಅಲ್ಲೇ ಕೂತರು. ಸಂಜೆಯ ಹೊತ್ತಿಗೆ ಮಂಪರು ಇಳಿದು ಟೈಲರಕ್ಕ ಟೀ ಕೇಳಿದಳು. ಮನೆಗೆ ಉಸಿರು ಬಂತು.

ಟೀ ಕುಡಿಯುತ್ತಾ ಮಾತು ಶುರುವಾಯಿತು.

"ಅಕ್ಕಾ, ನಿಮ್ಮ ತಮ್ಮ ಪ್ರೀತಿಯಿಂದಲೇ ಕೊಟ್ಟಿದಾರೆ, ಗೊತ್ತು. ಆದ್ರೆ ಇದು ಅಫೀಮಿನ ಬಳಗದ ಮಾತ್ರೆ. ಕೆಲವು ಸಲ ಬೇಕಾಗುತ್ತೆ, ಇಲ್ಲ ಅನ್ನಲ್ಲ. ಡಾಕ್ಟರೇ ನೋಡಿ, ಸ್ವಲ್ಪವೇ, ಕೆಲವೇ ದಿನಕ್ಕೆ ಅಂತ ಕೊಡ್ತಾರೆ. ಒಬ್ಬರಿಗೆ ಬರೆದಿದ್ದನ್ನ ಇನ್ನೊಬ್ಬರು ನುಂಗೋ ವಸ್ತು ಅಲ್ಲ ಇದು. ಮಂಪರು, ವಾಂತಿ, ಮಲಬದ್ಧತೆ, ಎಲ್ಲಾ ನೋಡಿದ್ರಲ್ಲ? ಜಾಸ್ತಿಯಾದ್ರೆ ಉಸಿರೇ ನಿಲ್ಲಬಹುದು."

"ಹಂಗಂತ ನಾನು ನೋವು ತಿನ್ಕೊಂಡು ಸಾಯ್ಬೇಕಾ?"

"ಯಾರು ಹಾಗಂದ್ರು? ನಿಮಗೆ ಬರೆದುಕೊಟ್ಟ ಮಾತ್ರೆ ಇದೆಯಲ್ಲ."

"ಆ ಜ್ವರದ ಮಾತ್ರೆನಾ! ತಗೊಂಡೆ ಸಿಸ್ಟರಮ್ಮ. ಏನೂ ಆಗ್ಲಿಲ್ಲ."

"ಯಾವಾಗ ತಗೊಂಡ್ರಿ?"

ಟೈಲರಕ್ಕ ಟೀ ಲೋಟದೊಳಗೆ ನೋಡಿದಳು. ಗಂಡ ಕೆಮ್ಮಿದ.

"ನೋವು ನೆತ್ತಿಗೇರಿದ ಮೇಲೆ, ಅಲ್ವಾ?" ಎಂದರು ಸಿಸ್ಟರಮ್ಮ. "ಅಕ್ಕಾ, ಒಲೆ ಮೇಲೆ ಹಾಲಿಟ್ಟಾಗ ಉರಿ ಯಾವಾಗ ಸಣ್ಣ ಮಾಡ್ತೀರಿ? ಉಕ್ಕೋ ಮುಂಚೆಯೋ, ಉಕ್ಕಿ ಒಲೆ ತುಂಬಾ ಚೆಲ್ಲಿದ ಮೇಲೋ?"

"ಮುಂಚೆ. ಇವರು ಮಾತ್ರ ಚೆಲ್ಲಿದ ಮೇಲೆ."

"ನೋವೂ ಹಾಗೇ. ಮರಗಟ್ಟಿಸೋ ಇಂಜೆಕ್ಷನ್ ಇಳಿಯೋ ಮುಂಚೆನೇ ಮಾತ್ರೆ ಹೊಟ್ಟೇಲಿ ಇರಬೇಕಿತ್ತು. ಮೊದಲ ಕೆಲವು ದಿನ ನೋವು ಬರಲಿ, ಬಿಡಲಿ, ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ತಗೋಬೇಕು. ಆಗ ಉಕ್ಕೋದೇ ಇಲ್ಲ."

"ಎರಡೆರಡು ಮಾತ್ರೆ ಯಾಕೆ? ಒಂದು ಸಾಲದಾ?"

ಸಿಸ್ಟರಮ್ಮ ಗೋಡೆ ಬದಿಯ ಬೀರು ತೋರಿಸಿದರು. "ಇದನ್ನ ಒಬ್ಬರೇ ಎತ್ತಿ ಆ ಕೋಣೆಗೆ ಇಡ್ತೀರಾ?"

"ಸೊಂಟ ಬಿದ್ದೋಗುತ್ತೆ."

"ಇಬ್ಬರು ಎರಡು ಕಡೆ ಹಿಡಿದ್ರೆ ಹಗುರ. ಪ್ಯಾರಸಿಟಮಾಲ್ ಒಂದು ಕಡೆ ಹಿಡಿಯುತ್ತೆ, ಊತದ ಮಾತ್ರೆ ಇನ್ನೊಂದು ಕಡೆ. ಎರಡರ ದಾರಿ ಬೇರೆ ಬೇರೆ, ಅದಕ್ಕೇ ಒಟ್ಟಿಗೆ ಕೊಡೋದು. ಜೊತೆಗೆ ಐಸು, ದಿಂಬು, ಸರಿಯಾಗಿ ಕೂರೋದು, ಇವೂ ಒಂದೊಂದು ಕೈ ಹಾಕ್ತವೆ. ಜ್ವರದ ಮಾತ್ರೆ ಅಂತ ಹೆಸರಿಟ್ಟು ಕಡೆಗಣಿಸಬೇಡಿ. ನಮ್ಮ ವಾರ್ಡಿನಲ್ಲಿ ಇಂಥ ಆಪರೇಷನ್ ಆದ ಎಷ್ಟೋ ಜನ ಈ ದಾರಿಯಲ್ಲೇ ಸುಧಾರಿಸ್ಕೊಂಡು ಹೋಗ್ತಾರೆ."

ಗಂಡ ಮುಂದೆ ಬಾಗಿ ಕೇಳಿದ. "ಊತದ ಮಾತ್ರೆ ಹೊಟ್ಟೆ ಸುಡುತ್ತೆ ಅಂತಾರಲ್ಲ?"

"ಒಳ್ಳೇ ಪ್ರಶ್ನೆ. ಅದಕ್ಕೇ ಊಟ ಆದ ಮೇಲೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ, ಆಸ್ತಮಾ ಇದ್ದವರು, ರಕ್ತ ತೆಳು ಮಾಡೋ ಔಷಧಿ ತಗೊಳ್ಳೋರು ಇದನ್ನ ತಾವಾಗಿ ತಗೋಬಾರದು, ಮೊದಲೇ ಡಾಕ್ಟರಿಗೆ ಹೇಳಬೇಕು. ಅಕ್ಕನಿಗೆ ಅದ್ಯಾವುದೂ ಇಲ್ಲ ಅಂತ ಕೇಳಿಕೊಂಡೇ ಬರೆದಿದಾರೆ. ಇನ್ನೊಂದು ವಿಷಯ. ಶೀತ ನೆಗಡಿ ಅಂತ ಅಂಗಡಿಯಿಂದ ಬೇರೆ ಮಾತ್ರೆ ತರಬೇಡಿ. ಅದರೊಳಗೂ ಪ್ಯಾರಸಿಟಮಾಲ್ ಇರುತ್ತೆ. ಗೊತ್ತಿಲ್ಲದೆ ಎರಡರಷ್ಟಾದ್ರೆ ಲಿವರಿಗೆ ಪೆಟ್ಟು."

ಟೈಲರಕ್ಕ ಇನ್ನೂ ಸೋಲೊಪ್ಪಿರಲಿಲ್ಲ. "ಇಷ್ಟೆಲ್ಲಾ ಮಾಡಿದ್ರೆ ನೋವು ಪೂರ್ತಿ ಹೋಗುತ್ತಾ?"

"ಇಲ್ಲಕ್ಕ. ಸುಳ್ಳು ಹೇಳಲ್ಲ. ಕುಯ್ದು ಹೊಲಿದ ಜಾಗ, ನೋವು ಸ್ವಲ್ಪ ಇದ್ದೇ ಇರುತ್ತೆ. ನೀವು ಊಟ ಮಾಡೋ ಹಾಗೆ, ನಿದ್ದೆ ಮಾಡೋ ಹಾಗೆ, ವ್ಯಾಯಾಮ ಮಾಡೋ ಹಾಗೆ ಇದ್ರೆ ಸಾಕು. ಅಷ್ಟೂ ಆಗದಿದ್ರೆ ಡಾಕ್ಟರಿಗೆ ಫೋನು ಮಾಡೋಣ, ಅವರು ಬೇರೆ ದಾರಿ ನೋಡ್ತಾರೆ. ಪಕ್ಕದವರ ಜೇಬಲ್ಲಿ ಹುಡುಕೋದು ಬೇಡ."

"ಆಯ್ತು ಬಿಡಿ. ನಾಕು ದಿನ ನೋಡ್ತೀನಿ. ವಾಸಿಯಾಗದಿದ್ರೆ ನಿಮ್ಮ ಯೂನಿಫಾರ್ಮು ಬಿಗಿ ಮಾಡಿ ಹೊಲೀತೀನಿ, ಉಸಿರಾಡೋಕಾಗಬಾರದು."

ಸಿಸ್ಟರಮ್ಮ ಹೊರಡುವ ಮೊದಲು ದಿಂಬುಗಳನ್ನು ಒಟ್ಟಿ, ಒರಗಿ ಮಲಗುವಂತೆ ಮಾಡಿಕೊಟ್ಟರು. ಮೊಣಕೈಯ ಕೆಳಗೊಂದು ಸಣ್ಣ ದಿಂಬು. ಐಸನ್ನು ಬರಿ ಚರ್ಮದ ಮೇಲೆ ಇಡಬಾರದು, ಟವೆಲ್ಲಿನಲ್ಲಿ ಸುತ್ತಿ ಸ್ವಲ್ಪ ಹೊತ್ತು ಇಟ್ಟು ತೆಗೆಯಬೇಕು, ಗಾಯದ ಪಟ್ಟಿ ಒದ್ದೆಯಾಗಬಾರದು ಎಂದು ಗಂಡನಿಗೆ ತೋರಿಸಿದರು. ಉಳಿದ ಬಲವಾದ ಮಾತ್ರೆಗಳನ್ನು ಅವನು ಸೈಕಲ್ ಅಂಗಡಿಯ ಸಾಮಾನಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಮುಂದಿನ ಸಲ ಹೋಗುವಾಗ ಆಸ್ಪತ್ರೆಗೆ ಒಪ್ಪಿಸುವುದೆಂದು ಮಾತಾಯಿತು.

ಆ ಮೇಲಿನ ದಿನಗಳಲ್ಲಿ ಮನೆಯ ರಾಜ್ಯಭಾರ ಗಂಡನ ಫೋನಿನ ಅಲಾರಂ ಕೈಗೆ ಹೋಯಿತು. ಅದು ಕೂಗಿದರೆ ಸಾಕು, ಅರ್ಧ ಬಿಚ್ಚಿದ ಚಕ್ರವನ್ನು ಅಲ್ಲೇ ಬಿಟ್ಟು ಓಡಿಬರುವನು. "ಊಟ ಆಯ್ತಾ? ಬಾಯಿ ತೆಗಿ." ಮೊದಲ ದಿನ ಟೈಲರಕ್ಕನಿಗೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಗೊಣಗಿದಳು. ಎರಡನೆಯ ದಿನವೂ ಗೊಣಗಿದಳು, ಆದರೆ ಗೊಣಗುತ್ತಲೇ ಊಟ ಪೂರ್ತಿ ಮಾಡಿದಳು. ಆಮೇಲೊಂದು ಬೆಳಿಗ್ಗೆ ಎದ್ದು ಕೂತಾಗ ಅವಳಿಗೇ ಆಶ್ಚರ್ಯ: ನಿದ್ದೆ ಮಾಡಿದ್ದೆ! ಭುಜ ನೋಯುತ್ತಿತ್ತು ನಿಜ. ಆದರೆ ಅದು ಮನೆಯ ಮೂಲೆಯಲ್ಲಿ ಕೂತು ಗೊಣಗುವ ಅಜ್ಜಿಯಂತಿತ್ತು, ಮೈಮೇಲೆ ಬಿದ್ದು ಪರಚುವ ಬೆಕ್ಕಿನಂತಲ್ಲ. ತಲೆಯೂ ತಿಳಿಯಾಗಿತ್ತು.

ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮದ ಮೊದಲ ದಿನ ಮಾತ್ರ ಕಣ್ಣಲ್ಲಿ ನೀರು ಬಂತು. ಎಡಗೈಯಲ್ಲಿ ಮೇಜು ಹಿಡಿದು, ಮುಂದಕ್ಕೆ ಬಾಗಿ, ಬಲಗೈಯನ್ನು ಸುಮ್ಮನೆ ತೂಗಾಡಲು ಬಿಡಬೇಕು. ಅಷ್ಟೇ. ಅಷ್ಟಕ್ಕೇ ಜೀವ ಬಾಯಿಗೆ ಬಂತು.

"ಇನ್ನು ನನ್ನ ಕೈಯಲ್ಲಿ ಕತ್ತರಿ ಹಿಡಿಯೋಕಾಗಲ್ಲ ಕಣ್ರೀ."

ಗಂಡ ಪಕ್ಕದಲ್ಲೇ ಬಾಗಿ ನಿಂತು ತಾನೂ ಕೈ ತೂಗಾಡಿಸತೊಡಗಿದ. ಗ್ರೀಸಿನ ಅಂಗಿ, ಬೋಳುತಲೆ, ಆನೆಯ ಸೊಂಡಿಲಿನಂತೆ ಆಡುವ ಕೈ. ಟೈಲರಕ್ಕನಿಗೆ ಅಳುವಿನ ನಡುವೆಯೇ ನಗು ಒತ್ತರಿಸಿ ಬಂತು. ಮಾರನೆಯ ದಿನ ಸಿಸ್ಟರಮ್ಮ ಹೇಳಿದಂತೆ ಮಾತ್ರೆ ನುಂಗಿ, ಅದು ಹಿಡಿಯುವಷ್ಟು ಹೊತ್ತು ಬಿಟ್ಟು ವ್ಯಾಯಾಮ ಮಾಡಿದಳು, ಮುಗಿದ ಮೇಲೆ ಐಸು ಇಟ್ಟುಕೊಂಡಳು. ಕೈ ನಿನ್ನೆಗಿಂತ ಹಗುರವಾಗಿ ಆಡಿತು.

ಹೀಗಿರುವಾಗ ಒಂದು ಮಧ್ಯಾಹ್ನ ತಮ್ಮ ಬಂದ. ಗಂಡ ಅಂಗಡಿಯಲ್ಲಿದ್ದ. ಅಕ್ಕ ಎಡಗೈಯಿಂದ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಾ ಕೂತಿದ್ದಳು.

"ಹೇಗಿದೀಯಕ್ಕ?" ಎಂದವನು ಉತ್ತರಕ್ಕೂ ಕಾಯಲಿಲ್ಲ. "ಅವತ್ತು ಕೊಟ್ಟಿದ್ನಲ್ಲ, ಆ ಮಾತ್ರೆ. ಉಳಿದಿದ್ರೆ ಕೊಡ್ತೀಯಾ?"

ಟೈಲರಕ್ಕ ತಲೆ ಎತ್ತಿ ನೋಡಿದಳು. ಸೆಖೆಯೇ ಇಲ್ಲ, ತಮ್ಮನ ಹಣೆ ಬೆವರಿತ್ತು. ಮೂಗು ಸೋರುತ್ತಿತ್ತು. ಮತ್ತೆ ಮತ್ತೆ ಆಕಳಿಸುತ್ತಿದ್ದ. ತೋಳ ಮೇಲಿನ ರೋಮ ನಿಮಿರಿ ನಿಂತಿತ್ತು. ಕೂರುವನು, ಏಳುವನು, ಕಿಟಕಿಗೆ ಹೋಗುವನು, ಮತ್ತೆ ಬರುವನು.

"ಬೆನ್ನು ಅಷ್ಟು ನೋಯ್ತಿದೆಯೇನೋ?"

"ಹೂಂ. ಬೆನ್ನೇ."

"ಬೆನ್ನು ನೋಯೋನು ಹೀಗೆ ಕೂತು ಏಳ್ತಾನೇನೋ? ಇಲ್ಲಿ ಬಾ. ನನ್ನ ಮುಖ ನೋಡು."

ಅವನು ನೋಡಲಿಲ್ಲ. ಬಾಗಿಲು ತುಂಬುವ ಆಳು, ಉಗುರು ಕಚ್ಚುತ್ತಾ ನಿಂತ. ಟೈಲರಕ್ಕನಿಗೆ ಜೇಬಿನಲ್ಲೇ ನಿಂತಿದ್ದ ಆ ಕೈ ಕಣ್ಣಿಗೆ ಕಟ್ಟಿತು. ಅವತ್ತು ಅವನು ಕೊಟ್ಟದ್ದು ಮನೆಯಲ್ಲಿ ಉಳಿದುಬಿದ್ದ ಹಳೆಯ ಮಾತ್ರೆಯಲ್ಲ. ತನಗೆ ಅದಿಲ್ಲದೆ ಹೊತ್ತು ಹೋಗದು ಎಂದು ಗೊತ್ತಿದ್ದೂ, ತನ್ನ ಪಾಲಿನದನ್ನು ತೆಗೆದು ಅಕ್ಕನಿಗೆ ಕೊಟ್ಟಿದ್ದ.

"ಮರಿ, ಇನ್ನೂ ದಿನಾ ತಗೋತಿದೀಯಾ?"

ತಮ್ಮ ಕಿಟಕಿಯ ಕಡೆ ತಿರುಗಿ ಹೇಳಿದ. "ಬಿಟ್ಟು ನೋಡ್ದೆ ಅಕ್ಕ. ಆಗ್ಲಿಲ್ಲ. ಬಿಟ್ರೆ ಮೈಯೆಲ್ಲ ಹಿಂಡುತ್ತೆ. ತಗೊಂಡ್ರೆ ನಿದ್ದೆ ಎಳೆಯುತ್ತೆ. ಡಾಕ್ಟರು ಕೊಟ್ಟಿದ್ದು ಯಾವತ್ತೋ ಮುಗೀತು. ಆಮೇಲೆ ಅವರಿವರನ್ನ ಕೇಳಿ ತಗೊಂಡೆ. ಮೊನ್ನೆ… ಮೊನ್ನೆ ಲಾರಿ ರಸ್ತೆ ಬಿಟ್ಟು ಇಳೀತು. ಕಣ್ಣು ಮುಚ್ಚಿಹೋಗಿತ್ತು. ಎದುರಿಗೆ ಯಾರೂ ಇರ್ಲಿಲ್ಲ. ಇದ್ದಿದ್ರೆ?"

ಕುರ್ಚಿಯಲ್ಲಿ ಕುಸಿದು ಕೂತ. "ಬಯ್ಯೋದಿದ್ರೆ ಬಯ್ಯಕ್ಕ."

ಟೈಲರಕ್ಕ ಬಯ್ಯಲಿಲ್ಲ. ಎದ್ದು ಬಂದು, ಎಡಗೈಯಿಂದ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಬಲಗೈ ಪಟ್ಟಿಯಲ್ಲೇ ಇತ್ತು.

"ನೀನು ಕುಡುಕನಲ್ಲ, ಕಳ್ಳನಲ್ಲ. ನಿಂಗೆ ನೋವಾಗಿತ್ತು, ಮಾತ್ರೆ ತಗೊಂಡೆ. ಅದು ನಿನ್ನನ್ನ ಹಿಡ್ಕೊಂಡಿದೆ, ಅಷ್ಟೇ. ಬಿಡಿಸ್ಕೊಳ್ಳೋಣ."

"ಹಾಗಾದ್ರೆ ಇವತ್ತಿಗೊಂದು ಕೊಡು. ನಾಳೆಯಿಂದ ಮುಟ್ಟಲ್ಲ."

ಕೊಟ್ಟುಬಿಡಲೇ ಎಂದು ಅವಳ ಜೀವ ಎಳೆಯಿತು. ಚಿಕ್ಕವನಿದ್ದಾಗ ಅವನು ಕೇಳಿದ್ದನ್ನು ಇಲ್ಲ ಎಂದವಳೇ ಅಲ್ಲ. ಸೆರಗು ಹಿಡಿದು ನಿಂತ ಮಗುವಿನ ಮುಖವೇ ಈಗಲೂ ಎದುರಿಗಿತ್ತು. ಆದರೂ ಹೇಳಿದಳು:

"ನಾನು ಕೊಡಲ್ಲ. ಬಿಸಾಡೋದೂ ಇಲ್ಲ. ನಡಿ, ಈಗಲೇ ಡಾಕ್ಟರ ಹತ್ರ ಹೋಗೋಣ. ಎಷ್ಟು ಕೊಡಬೇಕು, ಹೇಗೆ ಕಮ್ಮಿ ಮಾಡಬೇಕು ಅವರೇ ಹೇಳ್ಲಿ. ಲಾರಿ ಕೀ ಇಲ್ಲಿ ಕೊಡು."

ತಮ್ಮ ಕೀಲಿ ಹಿಡಿದುಕೊಂಡೇ ನಿಂತ. ಅಕ್ಕ ಎಡಗೈ ಚಾಚಿಕೊಂಡೇ ನಿಂತಳು. ಕೊನೆಗೆ ಕೀಲಿ ಅವಳ ಅಂಗೈಗೆ ಬಿತ್ತು.

ಸಿಸ್ಟರಮ್ಮನಿಗೆ ಫೋನು ಹೋಯಿತು. ಗಂಡ ಅಂಗಡಿ ಮುಚ್ಚಿ, ಪೆಟ್ಟಿಗೆಯಲ್ಲಿದ್ದ ಸ್ಟ್ರಿಪ್ಪು ತೆಗೆದುಕೊಂಡು ಬಂದ. ಮೂವರೂ ಒಟ್ಟಿಗೆ ಆಸ್ಪತ್ರೆಗೆ ಹೋದರು. ಅಲ್ಲಿ ತಮ್ಮನನ್ನು ಯಾರೂ ಕೀಳಾಗಿ ನೋಡಲಿಲ್ಲ. ಇದು ಚಾಳಿ ಬಿದ್ದವರ ಕೆಟ್ಟತನವಲ್ಲ, ಔಷಧಿಯ ಗುಣ, ಒಮ್ಮೆಲೇ ನಿಲ್ಲಿಸಿದರೆ ಮೈ ತಡೆಯುವುದಿಲ್ಲ ಎಂದರು ಡಾಕ್ಟರು. ಉಳಿದ ಸ್ಟ್ರಿಪ್ಪನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಆಸ್ಪತ್ರೆಯ ಉಸ್ತುವಾರಿಯಲ್ಲಿ ಹಂತಹಂತವಾಗಿ ಇಳಿಸುವ ದಾರಿ ಹಾಕಿದರು. ಬೆನ್ನಿನ ನೋವಿಗೆ ಬೇರೆ ಬಗೆಯ ಔಷಧಿ ಕೊಟ್ಟರು, ಬೆನ್ನಿನ ವ್ಯಾಯಾಮ ಹೇಳಿಕೊಟ್ಟರು. ತಾವು ಹೇಳುವವರೆಗೆ ಲಾರಿ ಮುಟ್ಟಬಾರದು ಎಂದರು.

ಸುಲಭವಾಗಿರಲಿಲ್ಲ. ತಮ್ಮ ಅಕ್ಕನ ಮನೆಯಲ್ಲೇ ಉಳಿದ. ಕೆಲವು ದಿನ ಸಿಡಿಮಿಡಿಗುಟ್ಟಿ ತಟ್ಟೆ ತಳ್ಳಿದ, ಮರುಗಳಿಗೆ ತಾನೇ ತಟ್ಟೆ ಎತ್ತಿ ತೊಳೆದಿಟ್ಟ. ಒಂದು ಸಲ ಜಗಳವಾಡಿ ಬೀದಿಯ ತುದಿಯವರೆಗೂ ಹೋಗಿಬಿಟ್ಟಿದ್ದ. ಭಾವ ಸೈಕಲ್ ತಳ್ಳಿಕೊಂಡು ಜೊತೆಗೆ ನಡೆದು, ಜೊತೆಗೇ ವಾಪಸ್ ಕರೆತಂದ. ಹೊತ್ತು ಹೋಗಲೆಂದು ಭಾವನ ಅಂಗಡಿಯಲ್ಲಿ ಟ್ಯೂಬಿಗೆ ತೇಪೆ ಹಾಕುವುದನ್ನು ಕಲಿತ. ಅವನು ಹಾಕಿದ ತೇಪೆ ಎರಡು ದಿನಕ್ಕೆ ಬಿಚ್ಚಿಕೊಳ್ಳುತ್ತಿತ್ತು. "ನಿನ್ನ ದೆಸೆಯಿಂದ ಒಬ್ಬ ಗಿರಾಕಿ ಎರಡೆರಡು ಸಲ ಬರ್ತಾನೆ, ವ್ಯಾಪಾರ ಚೆನ್ನಾಗಿದೆ ಕಣಯ್ಯ" ಎಂದು ಭಾವ ನಗುತ್ತಿದ್ದ.

ಬೆಳಿಗ್ಗೆ ಹೊಲಿಗೆ ಅಂಗಡಿಯ ಬಾಗಿಲು ತೆರೆಯುವ ಮುಂಚೆ ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ವ್ಯಾಯಾಮ ಮಾಡುವರು. ಅವಳು ಬೆರಳುಗಳನ್ನು ಗೋಡೆಯ ಮೇಲೆ ಇರುವೆಯಂತೆ ಹತ್ತಿಸುವಳು, ಅವನು ಚಾಪೆಯ ಮೇಲೆ ಅಂಗಾತ ಮಲಗಿ ಮಂಡಿ ಮಡಿಸುವನು. "ನೀನು ಮೊದಲು ಸುಸ್ತಾಗ್ತೀಯೋ ನಾನೋ?" ಎಂದು ಪಂದ್ಯ. ನೋವು ಎಂದರೆ ಈಗ ಇಬ್ಬರೂ ಬಾಯಿ ಬಿಟ್ಟು ಹೇಳುವರು, ಮುಚ್ಚಿಡುವುದಿಲ್ಲ.

ತಿಂಗಳುಗಳು ಕಳೆದವು. ಅಕ್ಕನ ಭುಜದ ಮಾತ್ರೆಗಳು ಎಂದೋ ನಿಂತಿದ್ದವು, ತಮ್ಮನ ಬಲವಾದ ಮಾತ್ರೆಯೂ ನಿಂತಿತು. ಇನ್ನು ಲಾರಿ ಓಡಿಸಬಹುದು ಎಂದು ಡಾಕ್ಟರು ಹೇಳಿದ ದಿನ ಟೈಲರಕ್ಕ ಎಂದಿಗಿಂತ ಬೇಗ ಅಂಗಡಿ ತೆರೆದಳು. ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬಲಗೈಯಲ್ಲಿ ಕತ್ತರಿ ಹಿಡಿದಳು. ಮೊದಲ ಸಲ ಕತ್ತರಿ ಗೆರೆಯಿಂದ ಸ್ವಲ್ಪ ಜಾರಿತು. ಎರಡನೆಯ ಸಲ ಗೆರೆಯ ಮೇಲೇ ಓಡಿತು. ಗಂಡ ಪಕ್ಕದ ಬಾಗಿಲಿನಿಂದ ಬಂದು, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ನೋಡುತ್ತಾ ನಿಂತ. ಸಂಜೆಯ ಹೊತ್ತಿಗೆ ತಮ್ಮನಿಗೊಂದು ಅಂಗಿ ಸಿದ್ಧವಾಗಿತ್ತು. ಅವನು ಅದನ್ನು ತೊಟ್ಟು, ತೋಳೆತ್ತಿ, ಬಗ್ಗಿ, ಎದ್ದು ನೋಡಿದ.

"ಎಲ್ಲಾದ್ರೂ ಹಿಡಿಯುತ್ತೇನೋ?"

"ಎಲ್ಲೂ ಇಲ್ಲಕ್ಕ. ಸರಿಯಾಗಿದೆ."

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಆಪರೇಷನ್ ಆಗಬಹುದು. ಆಗುವ ಮೊದಲೇ ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ: "ಆಮೇಲೆ ನೋವಿಗೆ ಏನು ಕೊಡ್ತೀರಿ? ಯಾವ ಹೊತ್ತಿಗೆ, ಎಷ್ಟು ದಿನ ತಗೋಬೇಕು?" ನಿಮಗಿರುವ ಬೇರೆ ಕಾಯಿಲೆ, ನೀವು ನುಂಗುವ ಬೇರೆ ಔಷಧಿ, ಕುಡಿಯುವ ಅಭ್ಯಾಸ, ಏನನ್ನೂ ಬಚ್ಚಿಡಬೇಡಿ. ಸಾಧಾರಣ ಮಾತ್ರೆ ಎಂದು ಮೂಗು ಮುರಿಯಬೇಡಿ. ಹೇಳಿದ ಹೊತ್ತಿಗೆ, ಹೇಳಿದಷ್ಟೇ ತೆಗೆದುಕೊಂಡರೆ ಅದೇ ದೊಡ್ಡ ನೋವನ್ನು ತಡೆದೀತು. ತಡೆಯದೆ ಹೋದರೆ, ಜ್ವರ ಬಂದರೆ, ಗಾಯ ಕೆಂಪಾಗಿ ಕೀವಾದರೆ, ನೋವು ದಿನದಿಂದ ದಿನಕ್ಕೆ ಏರಿದರೆ ಹಲ್ಲು ಕಚ್ಚಿ ಕೂರದೆ ಆಸ್ಪತ್ರೆಗೆ ತಿಳಿಸಿ. ಯಾರಾದರೂ ಬಲವಾದ ಮಾತ್ರೆಗೆ ಸಿಕ್ಕಿಕೊಂಡಿದ್ದರೆ ಹಂಗಿಸಬೇಡಿ, ಒಮ್ಮೆಲೇ ನಿಲ್ಲಿಸಿಯೂ ಬಿಡಬೇಡಿ, ಕೈ ಹಿಡಿದು ಡಾಕ್ಟರ ಬಳಿಗೆ ಕರೆದೊಯ್ಯಿರಿ.

ಇದನ್ನು ಓದಿ ಮುಗಿಸಿದ ಕೂಡಲೇ ಒಂದು ಕೆಲಸ ಮಾಡಿ. ಎದ್ದು ಹೋಗಿ ಮನೆಯ ಔಷಧಿ ಡಬ್ಬಿ ತೆರೆಯಿರಿ. ಯಾರದೋ ಹಳೆಯ ಆಪರೇಷನ್ನಿನ ಮಾತ್ರೆ ಅದರಲ್ಲಿ ಉಳಿದಿದ್ದರೆ, ಆಸ್ಪತ್ರೆಗೋ ಔಷಧಿ ಅಂಗಡಿಗೋ ಒಯ್ದು "ಇದನ್ನೇನು ಮಾಡಲಿ?" ಎಂದು ಕೇಳಿ. ಪ್ರೀತಿಯಿಂದ ಕೊಡಲು ನಿಮ್ಮಲ್ಲಿ ಬೇರೆ ಎಷ್ಟೋ ಇದೆ: ಹೊತ್ತಿಗೆ ಸರಿಯಾಗಿ ಒಂದು ತುತ್ತು, ತಲೆಗೊಂದು ದಿಂಬು, ಪಕ್ಕದಲ್ಲಿ ಕೂತು ಆಡುವ ನಾಲ್ಕು ಮಾತು.